ಬೋರ್ಡೋ ಲೆಕ್ಕ ಕೇಳಿದರೆ ಶುಭೋದಯ ಬರುತ್ತದೆ

ಸಂಪಾದಕರೇ,

ಕೃಷಿಕರು ಊರೂರಿಗೆ ಒಂದು ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡರೆ ಅರ್ಧ ತಾಪತ್ರಯ ಮುಗಿಯಿತು ಎಂದು ಮೊನ್ನೆ ಇದೇ ಅಂಕಣದಲ್ಲಿ ಒಬ್ಬರು ಬರೆದಿದ್ದರು. ನಾನು ಅಂಥದ್ದೊಂದು ಗುಂಪು ಮಾಡಿ 6 ವರ್ಷ ಆಯಿತು, ನಮ್ಮ ಕಡೆಯ ಅಡಿಕೆ ಬೆಳೆಗಾರರದ್ದು. ಅಲ್ಲಿ ಸಿಕ್ಕಿದ್ದಕ್ಕಿಂತ ಕಳೆದುಹೋಗಿದ್ದೇ ಜಾಸ್ತಿ.

ಮಳೆಗಾಲ ಶುರುವಾದರೆ ಸಾಕು, ಯಾರಾದರೂ ಕೇಳುತ್ತಾರೆ: 'ಕೊಳೆರೋಗಕ್ಕೆ ಬೋರ್ಡೋ ಲೆಕ್ಕ ಹೇಳಿ ಮಾರಾಯ್ರೆ.' ಬೋರ್ಡೋ ಅಂದರೆ ಅಡಿಕೆ ಕಾಯಿ ಕೊಳೆತು ಉದುರುವ ಈ ರೋಗಕ್ಕೆ ಹೊಡೆಯುವ ಔಷಧಿ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ. ಹೇಳಿ ಹೇಳಿ ಸಾಕಾಗಿದೆ. ಒಮ್ಮೆ ನಮ್ಮಲ್ಲೇ ಹಿರಿಯರೊಬ್ಬರು, ಟೈಪ್ ಮಾಡಲು ಬರುವುದಿಲ್ಲ ಅಂತ, 11 ನಿಮಿಷ ಮಾತಾಡಿ ಆಡಿಯೊ ಕಳಿಸಿದ್ದರು. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿಯಬೇಕು, ಉಲ್ಟಾ ಮಾಡಬೇಡಿ, ಆಮೇಲೆ ಉಜ್ಜಿ ತೊಳೆದ ಕತ್ತಿ ಅದ್ದಿ ನೋಡಿ, ಅಲಗು ಕೆಂಪಾದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಅಷ್ಟು ಬಿಡಿಸಿ ನನಗೆ ಯಾರೂ ಹೇಳಿರಲಿಲ್ಲ. ಆ ಆಡಿಯೊ ಈಗ ಯಾರ ಹತ್ತಿರವೂ ಇಲ್ಲ. ಮೊಬೈಲ್ ತುಂಬಿತು ಅಂತ ನಾನೇ ಅಳಿಸಿದ್ದೆ, ತಪ್ಪು ನನ್ನದೇ. ಹೋದ ವರ್ಷ ಸೇರಿದ ಹುಡುಗ ಅದೇ ಪ್ರಶ್ನೆ ಕೇಳಿದಾಗ ಅವನಿಗೆ ಸಿಕ್ಕಿದ್ದು ಎರಡು ಶುಭೋದಯ, ಒಂದು ಹೂವಿನ ಚಿತ್ರ.

ಹಾಗಾಗಿ ಬೇರೆ ಜಾಗ ಹುಡುಕಲು ಹೊರಟೆ. ಮೊದಲು ಟೆಲಿಗ್ರಾಂ. ವಾಟ್ಸ್‌ಆ್ಯಪ್ ಗುಂಪಿಗೆ 1,024 ಜನ ಅಂದರೆ ಇಲ್ಲಿ 2 ಲಕ್ಷ. ನಮಗೇನು ಅಷ್ಟು ಜನ ಬೇಡ ಬಿಡಿ. ಆದರೆ ಹೊಸಬರಿಗೂ ಹಳೆಯ ಮಾತುಕತೆ ಕಾಣುವಂತೆ ಇಡಬಹುದು, ಎಲೆಚುಕ್ಕಿ, ಕೊಳೆ, ಧಾರಣೆ ಅಂತ ಒಳಗೇ ಬೇರೆ ಬೇರೆ ವಿಷಯ ಮಾಡಬಹುದು. ಮಾಡಿದೆ. ನಮ್ಮವರು ಎಲ್ಲವನ್ನೂ ಧಾರಣೆಯಲ್ಲೇ ಬರೆದರು!

ಫೇಸ್‌ಬುಕ್ ಗುಂಪಿನಲ್ಲಿ ಯಾರಿಗೆ ಏನು ಮೊದಲು ಕಾಣಬೇಕು ಅನ್ನುವುದು ನಮ್ಮ ಕೈಯಲ್ಲಿಲ್ಲ. ರೆಡಿಟ್ ನನಗೆ ಇಷ್ಟವಾಯಿತು, ಒಳ್ಳೆಯ ಉತ್ತರಕ್ಕೆ ಜನ ಮತ ಹಾಕಿ ಮೇಲಕ್ಕೆ ತರುತ್ತಾರೆ. ಆದರೆ ಅಲ್ಲಿ ನಾನು ನೋಡಿದ ಕನ್ನಡಿಗರೆಲ್ಲ ಇಂಗ್ಲಿಷಿನಲ್ಲೇ ಬರೆಯುತ್ತಿದ್ದರು. ಡಿಸ್ಕಾರ್ಡ್ ಹುಟ್ಟಿದ್ದು ಗೇಮ್ ಆಡುವವರಿಗಾಗಿ, ಅದರೊಳಗಿನ ಮಾತು ಗೂಗಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಇನ್ನೊಂದು ಭಯವೂ ಇತ್ತು. ಫೇಸ್‌ಬುಕ್‌ನಂಥದ್ದೇ ಆಗಿದ್ದ ಆರ್ಕುಟ್ 2014ರಲ್ಲಿ ಮುಚ್ಚಿತು. ಯಾಹೂ ಗ್ರೂಪ್ಸ್ 2020ರಲ್ಲಿ ಹೋಯಿತು. ಟ್ವಿಟರ್‌ನಂಥದ್ದೇ ಆಗಿದ್ದ, ನಮ್ಮ ಬೆಂಗಳೂರಿನದೇ ಆದ 'ಕೂ' ಆ್ಯಪ್, 2024ರಲ್ಲಿ ಅದೂ ಬಾಗಿಲು ಹಾಕಿತು. ಬಾಡಿಗೆ ಮನೆ ಅಲ್ವಾ, ಮಾಲೀಕ ಯಾವಾಗ ಬೇಕಾದರೂ ಬಿಡಿ ಅನ್ನಬಹುದು. ಹಾಗಂದಾಗ ಗಂಟು ಮೂಟೆ ಕಟ್ಟಿಕೊಂಡು ಹೊರಡುವ ದಾರಿ ಇದೆಯೋ ಇಲ್ಲವೋ ಅನ್ನುವುದನ್ನು ಜನ ಸೇರಿಸುವ ಮೊದಲೇ ನೋಡಬೇಕಿತ್ತು, ನಾನು ನೋಡಿದ್ದು 6 ವರ್ಷ ಆದ ಮೇಲೆ.

ಕೊನೆಗೆ ಮಗಳು ಡಿಸ್ಕೋರ್ಸ್ ಅನ್ನುವ, ನಮ್ಮದೇ ಚರ್ಚೆಯ ತಾಣ ನಡೆಸುವ ತಂತ್ರಾಂಶ ಹಾಕಿಕೊಟ್ಟಳು. ತಂತ್ರಾಂಶ ಪುಕ್ಕಟೆ, ಸರ್ವರ್ ಬಾಡಿಗೆ ಮಾತ್ರ ನಮ್ಮದು. ಒಂದು ಪ್ರಶ್ನೆಗೆ ಒಂದು ಪುಟ, ಅದಕ್ಕೊಂದು ತಲೆಬರಹ, ಉತ್ತರಗಳೆಲ್ಲ ಅದರ ಕೆಳಗೇ ಉಳಿಯುತ್ತವೆ. ಎಲ್ಲವನ್ನೂ ಒಟ್ಟಿಗೆ ಇಳಿಸಿಕೊಂಡು ನಮ್ಮ ಹತ್ತಿರ ಇಟ್ಟುಕೊಳ್ಳಬಹುದು. ಕನ್ನಡ ವಿಕಿಪೀಡಿಯದವರು ತಮ್ಮ ಚರ್ಚೆಯ ಪುಟವನ್ನು 'ಅರಳಿ ಕಟ್ಟೆ' ಅನ್ನುತ್ತಾರೆ. ನಮಗೆ ಬೇಕಾಗಿದ್ದು ಅಂಥದ್ದೇ, ಆಡಿದ ಮಾತು ಬರಹದಲ್ಲಿ ಉಳಿಯುವ ಕಟ್ಟೆ.

ಎಲ್ಲ ಸಲೀಸಾಯಿತು ಅಂತ ಸುಮ್ನೆ ಹೇಳುವುದಿಲ್ಲ. ಸೇರಿದವರು 40 ಜನ, ಬರೆಯುವವರು 6. ಪಾಸ್‌ವರ್ಡ್ ಮರೆತವರು ಸೀದಾ ನಮ್ಮ ಮನೆಗೇ ಬರುತ್ತಾರೆ, ಕಾಫಿಯೂ ಆಗುತ್ತದೆ. ವಾಟ್ಸ್‌ಆ್ಯಪ್ ಬಿಟ್ಟಿಲ್ಲ, ಗಾಳಿಗೆ ಮರ ಬಿತ್ತು, ಕರೆಂಟಿಲ್ಲ ಅನ್ನುವುದಕ್ಕೆಲ್ಲ ಅದೇ ಸರಿ. ಆದರೆ ಈ ಸಲ ಬೋರ್ಡೋ ಪ್ರಶ್ನೆ ಬಂದಾಗ ಯಾರೋ ಒಬ್ಬರು ನಮ್ಮ ಪುಟದ ಕೊಂಡಿ ಹಾಕಿದರು. ಮಾತು ಅಲ್ಲಿಗೇ ಮುಗಿಯಿತು.

ಆ ಪುಟಕ್ಕಾಗಿ ನಾನು ಹಿರಿಯರ ಮನೆಗೆ ಹೋಗಿ, ಅವರ ಬಾಯಿಂದ ಮತ್ತೆ ಎಲ್ಲವನ್ನೂ ಕೇಳಿ ಬರೆದುಕೊಂಡು ಬಂದಿದ್ದೆ. ಹಾಕಿದ ಮೇಲೆ ಅವರಿಗೆ ಫೋನಿನಲ್ಲಿ ಓದಿ ಹೇಳಿದೆ. 'ಕಬ್ಬಿಣದ ಡ್ರಮ್ಮಿನಲ್ಲಿ ಮಾಡಬಾರದು ಅಂತ ಬರೆದೆಯೇನೋ?' ಎಂದರು. ಬರೆದಿರಲಿಲ್ಲ. ಅವತ್ತೇ ಸೇರಿಸಿದೆ.

ಇಂತಿ,
ಒಬ್ಬ ಅಡಿಕೆ ಬೆಳೆಗಾರ
ತೀರ್ಥಹಳ್ಳಿ ತಾಲ್ಲೂಕು