ಎರರ್ ಬರ್ಲಿಲ್ಲ ಅಂದ್ರೆ ಲೆಕ್ಕ ಸರಿ ಅಂತಲ್ಲ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಶಿಕ್ಷಣ ಪುಟದಲ್ಲಿ ಡೇಟಾ ಸೈನ್ಸ್ ಕಲೀರಿ ಅನ್ನೋ ಥರದ ಬರಹಗಳು ಆಗಾಗ ಬರ್ತಿರ್ತವೆ, ಓದ್ತೀನಿ. ಆದ್ರೆ ಕಲಿಯೋಕೆ ಕೂತವನು ಮೊದಲನೇ ವಾರ ಎಲ್ಲಿ ಎಡವ್ತಾನೆ ಅಂತ ಯಾರೂ ಬರೆಯಲ್ಲ, ಅದಕ್ಕೇ ಈ ಪತ್ರ. ನಾನು ಬಿಎಸ್ಸಿ ಓದ್ತಿದೀನಿ, ಸ್ಟ್ಯಾಟಿಸ್ಟಿಕ್ಸ್ ಲ್ಯಾಬ್‌ನಲ್ಲಿ ಆರ್ (R) ಅನ್ನೋ ಲೆಕ್ಕ ಮಾಡೋ ಪ್ರೋಗ್ರಾಮಿಂಗ್ ಭಾಷೆ ಇದೆ. ನ್ಯೂಜಿಲೆಂಡ್‌ನ ಆಕ್ಲೆಂಡ್ ಯೂನಿವರ್ಸಿಟಿಲಿ ರಾಸ್ ಇಹಾಕಾ, ರಾಬರ್ಟ್ ಜಂಟಲ್‌ಮನ್ ಅನ್ನೋರು ಶುರು ಮಾಡಿದ್ದು, ಪೂರ್ತಿ ಫ್ರೀ, ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡತ್ತೆ.

ಲ್ಯಾಬ್‌ನಲ್ಲಿ ನಾವು ಮಾಡಿದ್ದು ಬೋರ್ಡ್ ಮೇಲಿದ್ದ ಪ್ರೋಗ್ರಾಮ್ ರೆಕಾರ್ಡಿಗೆ ಇಳಿಸಿದ್ದು, ಸೈನ್ ಹಾಕಿಸ್ಕೊಂಡಿದ್ದು, ಅಷ್ಟೇ. ನಿಜವಾಗಿ ಕಲ್ತಿದ್ದು ಮನೇಲಿ, ಅಮ್ಮ ಡೈರಿಗೆ ಹಾಲು ಹಾಕೋ ಪುಸ್ತಕ ಇಟ್ಕೊಂಡು. ಬೆಳಗ್ಗೆ, ಸಂಜೆ, ಬೆಳಗ್ಗೆ, ಸಂಜೆ ಅಂತ ಬರೆದಿದ್ದ ಹಾಗೇ ಮೂರು ದಿನದ ಲೀಟರ್ ಹಾಕ್ದೆ: 6, 4, 7, 5, 6, 4. ಇದು ವೆಕ್ಟರ್. ಕನ್ನಡ ಪುಸ್ತಕದಲ್ಲಿ ಸದಿಶ ಅಂತಾರೆ, ದಿಕ್ಕಿರೋದು ಅಂತ ಅರ್ಥ, ಆದ್ರೆ ಆರ್‌ನ ವೆಕ್ಟರಿಗೆ ದಿಕ್ಕೂ ಇಲ್ಲ ದೆಸೆಯೂ ಇಲ್ಲ, ಬರೀ ಒಂದೇ ಜಾತಿಯ ಐಟಂಗಳು ಸಾಲಾಗಿ ನಿಂತಿರೋದು. ಒಂದೇ ಜಾತಿ ಅನ್ನೋದು ಮುಖ್ಯ. ಮಧ್ಯೆ ಒಂದು ಕಡೆ ಕೋಟ್ಸ್ ಹಾಕಿ "ರಜೆ" ಅಂತ ಬರೆದ್ರೆ ಹುಳಿ ಬಿದ್ದು ಹಾಲೆಲ್ಲ ಒಡೆದ ಹಾಗೆ ಉಳಿದ ನಂಬರೆಲ್ಲ ಅಕ್ಷರ ಆಗಿಬಿಡ್ತವೆ, ಕೂಡೋಕೆ ಬರಲ್ಲ. ಅಲ್ಲಿ ಪುಣ್ಯಕ್ಕೆ ಎರರ್ ಬರತ್ತೆ, ಗೊತ್ತಾಗತ್ತೆ.

ಗೊತ್ತಾಗದೇ ಇರೋದು ಮುಂದಿಂದು. ಆ ಆರು ನಂಬರನ್ನ ಎರಡು ಕಾಲಮ್‌ನ ಮ್ಯಾಟ್ರಿಕ್ಸ್, ಅಂದ್ರೆ ಅಡ್ಡಸಾಲು, ಕಾಲಮ್ ಇರೋ ಪಟ್ಟಿ, ಮಾಡು ಅಂದೆ, ಮಾಡ್ತು. ಮೊದಲನೇ ಕಾಲಮ್ಮಿಗೆ ಬೆಳಗ್ಗೆ, ಎರಡನೇದಕ್ಕೆ ಸಂಜೆ ಅಂತ ನಾನೇ ಹೆಸರಿಟ್ಟು ಅಮ್ಮಂಗೆ ತೋರಿಸ್ದೆ. ಓದಿರೋದು ಏಳನೇ ಕ್ಲಾಸು, ಆದ್ರೂ ನೋಡಿದ ತಕ್ಷಣ ಕೇಳಿದ್ರು, "ನಮ್ಮ ಹಸ ಯಾವತ್ತೋ ಬೆಳಗ್ಗೆ ನಾಲ್ಕೇ ಲೀಟರ್ ಕೊಟ್ಟಿದ್ದು?" ನೋಡಿದ್ರೆ ಬೆಳಗ್ಗೆ ಕಾಲಮ್ಮಲ್ಲಿ 6, 4, 7 ಕೂತಿದೆ. ಆರ್ ಅಡ್ಡಡ್ಡ ತುಂಬಲ್ಲ, ಮೇಲಿಂದ ಕೆಳಗೆ ಒಂದು ಕಾಲಮ್ ಮುಗಿಸಿ ಆಮೇಲೆ ಪಕ್ಕದ್ದು ತುಂಬತ್ತೆ, ಫೋರ್ಟ್ರಾನ್ ಅನ್ನೋ ಹಳೇ ಪ್ರೋಗ್ರಾಮಿಂಗ್ ಭಾಷೆ ಕಾಲದಿಂದ ಬಂದ ಚಾಳಿ. ಬೈರೋ ಟ್ರೂ (byrow = TRUE), ಅಂದ್ರೆ ಅಡ್ಡಸಾಲಿನ ಪ್ರಕಾರ ತುಂಬು, ಅಂತ ಹೇಳಬೇಕಿತ್ತು, ಹೇಳಿರ್ಲಿಲ್ಲ. ಒಟ್ಟು ಲೀಟರ್ 32 ಎರಡೂ ರೀತೀಲೂ ಅಷ್ಟೇ ಬರತ್ತೆ, ಹಾಗಾಗಿ ಟೋಟಲ್ ತಾಳೆ ನೋಡಿದ್ರೂ ಸಿಕ್ಕಲ್ಲ, ಆದ್ರೆ ಬೆಳಗ್ಗೆದು 19 ಇರಬೇಕಾದದ್ದು 17 ಆಗಿದೆ.

ಅದನ್ನ ಸರಿ ಮಾಡಿ ದುಡ್ಡಿನ ಲೆಕ್ಕಕ್ಕೆ ಹೋದೆ. ಫ್ಯಾಟ್ ಮೇಲೆ ರೇಟ್ ಬೇರೆ ಬೇರೆ, ಸುಲಭಕ್ಕೆ ಬೆಳಗ್ಗೆ 30, ಸಂಜೆ 40 ಇಟ್ಕೊಳ್ಳಿ. ಮ್ಯಾಟ್ರಿಕ್ಸಿಗೆ ಈ ಎರಡು ರೇಟನ್ನ ಬರೀ ಸ್ಟಾರ್ (*) ಹಾಕಿ ಗುಣಿಸಿ ಕೂಡಿಸ್ದೆ, 1110 ರೂಪಾಯಿ ಅಂತು. ಬಾಯಿಲೆಕ್ಕ ಮಾಡಿ, 19 ಲೀಟರಿಗೆ 570, 13ಕ್ಕೆ 520, ಒಟ್ಟು 1090. ಇಪ್ಪತ್ತು ರೂಪಾಯಿ ಎಲ್ಲಿಂದ ಬಂತು? ಅದು ಎರಡೇ ರೇಟನ್ನ 30, 40, 30, 40 ಅಂತ ಮತ್ತೆ ಮತ್ತೆ ತಿರುಗಿಸಿ ಕಾಲಮ್ ಉದ್ದಕ್ಕೂ ಇಳಿಸ್ಕೊಂಡು ಹೋಗಿತ್ತು, ಅಂದ್ರೆ ಎರಡನೇ ದಿನ ಬೆಳಗಿನ ಹಾಲಿಗೆ ಸಂಜೆ ರೇಟು! ಮ್ಯಾಟ್ರಿಕ್ಸಿನ ಆರು ಮನೆಗೆ ಎರಡು ನಂಬರ್ ಸರಿಯಾಗಿ ಮೂರು ಸಲ ಹಿಡಿಸತ್ತಲ್ಲ, ಅದಕ್ಕೇ ವಾರ್ನಿಂಗೂ ಇಲ್ಲ. ನಾಲ್ಕು ನಂಬರ್ ಕೊಟ್ಟು ಅದು ಲೆಕ್ಕಕ್ಕೆ ಕೂಡದೇ ಹೋಗಿದ್ರೆ ವಾರ್ನಿಂಗ್ ಕೊಡ್ತಿತ್ತು. ಪಿಯುಸಿಲಿ ಕಲ್ತ ಮ್ಯಾಟ್ರಿಕ್ಸ್ ಗುಣಾಕಾರ ಬೇಕು ಅಂದ್ರೆ ಸ್ಟಾರಿನ ಎರಡೂ ಕಡೆ ಪರ್ಸೆಂಟ್ ಚಿಹ್ನೆ ಹಾಕಬೇಕು, %*% ಹೀಗೆ, ಆಗ ದಿನಕ್ಕೊಂದರಂತೆ 340, 410, 340 ಬರತ್ತೆ, ಕೂಡಿದ್ರೆ 1090.

ಇಷ್ಟೆಲ್ಲ ಸಿಕ್ಕಿದ್ದು ಡೇಟಾ ಬರೀ ಆರು ನಂಬರ್ ಇದ್ದಿದ್ದಕ್ಕೆ ಮತ್ತೆ ಹಸ ನಮ್ಮದಾಗಿದ್ದಕ್ಕೆ. ಸಾವಿರ ಸಾಲಿದ್ದಿದ್ರೆ 1110 ಅನ್ನೋದನ್ನೇ ರೆಕಾರ್ಡಲ್ಲಿ ಬರೆದು ಸೈನ್ ಹಾಕಿಸ್ಕೊಂಡು ಬಂದಿರ್ತಿದ್ದೆ. ಲೆಕ್ಚರರ್‌ಗಳಿಗೂ ಅದೇ ಹೇಳ್ಬೇಕು ಅನ್ಸತ್ತೆ, ಆರ್ ಜೊತೆಗೇ ಬರೋ ಹೂವಿನ ಎಸಳಿನ ಉದ್ದಗಲದ ಡೇಟಾ ಆಮೇಲೆ ಕೊಡಿ ಸಾರ್, ಮೊದಲು ಪೆನ್ನಲ್ಲಿ ಮಾಡೋಕಾಗೋ ಅಷ್ಟು ಸಣ್ಣದನ್ನ ಕೊಟ್ಟು ಬೇಕಂತಲೇ ತಪ್ಪು ಮಾಡಿಸಿ. ನಿಮ್ಮ ಪುಟದಲ್ಲೂ ಕೋರ್ಸ್ ಪಟ್ಟಿ ಪಕ್ಕ ವಾರಕ್ಕೊಂದು ಇಂಥ ಪುಟ್ಟ ಲೆಕ್ಕ ಹಾಕಿದ್ರೆ ಕನ್ನಡದಲ್ಲಿ ಓದೋ ನಮ್ಮಂಥೋರಿಗೆ ಉಪಯೋಗ, ಬೇಕಿದ್ರೆ ಡೈರಿ ಪುಸ್ತಕದ ಇನ್ನೂ ಹದಿನೈದು ದಿನದ ಲೆಕ್ಕ ನಾನೇ ಕಳಿಸ್ತೀನಿ.

ಇಂತಿ,
ಒಬ್ಬ ಬಿಎಸ್ಸಿ ವಿದ್ಯಾರ್ಥಿ, ಹಾಸನ ಜಿಲ್ಲೆ