ಕಾವೇರಿ ಪಕ್ಕದಲ್ಲಿ ಸೈಕಲ್ ತುಳಿಯಲು ಹೊರಟ ಪುಟ್ಟಿಗೆ

ಪುಟ್ಟಿ,

ನೀನು ಕಳಿಸಿದ ಮ್ಯಾಪ್ ನೋಡಿದೆ. ತಲಕಾವೇರಿಯಿಂದ ಪೂಂಪುಹಾರ್‌ವರೆಗೆ ನದಿಗೆ ಅಂಟಿಕೊಂಡೇ ಒಂದು ಕೆಂಪು ಗೆರೆ, ದಿನಕ್ಕೆ ನೂರು ಕಿಲೋಮೀಟರ್, ಎಂಟೇ ದಿನ. ಖುಷಿ ಆಯಿತು, ಆದರೆ ರಾತ್ರಿ ನಿದ್ದೆ ಬರಲಿಲ್ಲ. ಕುಶಾಲನಗರದಿಂದ ತಿರುಚ್ಚಿವರೆಗೆ ಎರಡು ಸಲ ಹೋಗಿದ್ದೇನಲ್ಲ, ನನಗೆ ಗೊತ್ತಿರುವುದನ್ನು ಹೇಳಿಬಿಡುತ್ತೇನೆ.

ಮೊದಲು ದಿನಾಂಕ ಬದಲಾಯಿಸು. ಅಕ್ಟೋಬರ್‌ನಲ್ಲಿ ತುಲಾ ಸಂಕ್ರಮಣದ ತೀರ್ಥೋದ್ಭವ ನೋಡಿಕೊಂಡು ಅಲ್ಲಿಂದಲೇ ಹೊರಡಬೇಕು ಅನ್ನೋ ನಿನ್ನ ಆಸೆ ನನಗೆ ಅರ್ಥವಾಗುತ್ತದೆ, ನನಗೂ ಇತ್ತು. ಆದರೆ ಆ ದಿನ ತಲಕಾವೇರಿಯಿಂದ ಭಾಗಮಂಡಲದವರೆಗಿನ ಎಂಟು ಕಿಲೋಮೀಟರ್ ಇಳಿಜಾರಿನ ತುಂಬಾ ಜನ, ಗಾಡಿ. ಅದಾದರೂ ಹೋಗಲಿ, ನೀನು ಮೆಟ್ಟೂರು ದಾಟುವ ಹೊತ್ತಿಗೆ ಆ ಕಡೆ ಹಿಂಗಾರು ಹಿಡಿದುಕೊಂಡಿರುತ್ತದೆ. ತಮಿಳುನಾಡಿನ ಬಯಲಿಗೆ ದೊಡ್ಡ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೇ ಅಲ್ವಾ. ಜನವರಿ ಮೊದಲ ವಾರ ಹೊರಡು. ತಡ ಮಾಡಿದರೂ ಕಷ್ಟ, ಯಾಕೆಂದರೆ ಮೆಟ್ಟೂರು ಅಣೆಕಟ್ಟಿನಿಂದ ಜೂನ್ 12ಕ್ಕೆ ನೀರು ಬಿಟ್ಟು ಜನವರಿ 28ಕ್ಕೆ ನಿಲ್ಲಿಸುವುದು ಹಳೆಯ ವಾಡಿಕೆ. ಆಮೇಲೆ ತಂಜಾವೂರು ಕಡೆ ಹೋದರೆ ನಿನ್ನ ಪಕ್ಕದಲ್ಲಿ ಮರಳೇ ಜಾಸ್ತಿ.

ಇನ್ನು ಆ ಕೆಂಪು ಗೆರೆ. ನದಿ ಪಕ್ಕದಲ್ಲೇ ಹೋದರೆ ದಾರಿಯೆಲ್ಲ ಇಳಿಜಾರು ಅಂದುಕೊಂಡಿದ್ದೀಯ. ನೀರು ಇಳಿಯುತ್ತೆ ಕಣೆ, ರಸ್ತೆ ಇಳಿಯಲ್ಲ. ತಲಕಾವೇರಿ 1,276 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಭಾಗಮಂಡಲಕ್ಕೆ ಬ್ರೇಕ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿದೆ ಅನ್ನು, ತಕ್ಷಣ ಮಡಿಕೇರಿಗೆ ಏರು ಶುರುವಾಗುತ್ತದೆ. ಮೊದಲ ದಿನ ಮಡಿಕೇರಿ ಮುಟ್ಟಿದರೆ ಸಾಕು. ಸಿದ್ದಾಪುರ, ದುಬಾರೆ ಕಡೆ ನದಿ ಹತ್ತಿರ ಅಂತ ಕಾಫಿ ತೋಟದ ಒಳದಾರಿ ಹಿಡಿಯಬೇಡ. ಅಲ್ಲಿ ಕಾಡಾನೆಗಳು ತೋಟದೊಳಗೇ ಇರುತ್ತವೆ, ಬೆಳಿಗ್ಗೆ ಮಂಜಿನಲ್ಲಿ ಹತ್ತು ಅಡಿ ದೂರದಲ್ಲಿದ್ದರೂ ಕಾಣಿಸುವುದಿಲ್ಲ. ಮಡಿಕೇರಿಯಿಂದ ನೇರ ಕುಶಾಲನಗರಕ್ಕೆ ಇಳಿ, ನದಿ ಅಲ್ಲಿ ಸಿಗುತ್ತದೆ.

ಅಲ್ಲಿಂದ ರಾಮನಾಥಪುರ, ಚುಂಚನಕಟ್ಟೆ, ಕೆ.ಆರ್. ನಗರ, ಶ್ರೀರಂಗಪಟ್ಟಣ, ತಿರುಮಕೂಡಲು ನರಸೀಪುರ, ತಲಕಾಡು. ಇಡೀ ಪ್ರಯಾಣದಲ್ಲಿ ನಿಧಾನಕ್ಕೆ ಹೋಗಬೇಕಾದ ಭಾಗ ಇದೇ, ಇಲ್ಲಿಗೆ ಐದು ದಿನ ಇಡು. ದಿನಕ್ಕೆ ಐವತ್ತು ಕಿಲೋಮೀಟರ್ ಮೀರಬೇಡ. ಜನವರಿಯಲ್ಲಿ ಈ ರಸ್ತೆಗಳಲ್ಲಿ ಹುರುಳಿ, ರಾಗಿ ಹುಲ್ಲು ಹರಡಿರುತ್ತಾರೆ, ಗಾಡಿಗಳು ಮೇಲೆ ಹಾದು ಒಕ್ಕಣೆ ಆಗಲಿ ಅಂತ. ಅದರ ಮೇಲೆ ಸೈಕಲ್ ಹತ್ತಿಸಲೇಬೇಡ, ಇಳಿದು ಪಕ್ಕಕ್ಕೆ ತಳ್ಳಿಕೊಂಡು ಹೋಗು. ಬನ್ನೂರು ದಾಟಿದ ಮೇಲೆ ನಾನು ಸುಮ್ನೆ ಹತ್ತಿಸಿದ್ದೆ. ಎರಡು ಸುತ್ತು ಪೆಡಲ್ ತಿರುಗಿತೋ ಇಲ್ಲವೋ, ಹುರುಳಿ ಬಳ್ಳಿ ಫ್ರೀವೀಲ್‌ಗೆ ಹಗ್ಗದ ಹಾಗೆ ಸುತ್ತಿಕೊಂಡು ಗೇರ್ ಬದಲಿಸುವ ಹಿಂದಿನ ಡೀರೇಲರ್ ಬಾಗಿಹೋಯಿತು. ಆ ಹೊಲದ ಅಜ್ಜಿಯೇ ಕುಡುಗೋಲು ತಂದು, ಒಂದೊಂದೇ ಎಳೆ ಕೊಯ್ದು ತೆಗೆದುಕೊಟ್ಟರು. ಗೇರ್ ಮಾತ್ರ ಮೈಸೂರಿನವರೆಗೆ ರಿಪೇರಿ ಆಗಲಿಲ್ಲ.

ಕತ್ತಲಲ್ಲಿ ತುಳಿಯಬೇಡ. ಇದನ್ನು ಮಾತ್ರ ಕೈಮುಗಿದು ಕೇಳಿಕೊಳ್ಳುತ್ತೇನೆ. ಫೋನಿನಲ್ಲಿ ರೂಮ್ ಇದೆ ಅಂದ ಒಂದು ಲಾಡ್ಜ್‌ನವರು ನಾನು ಹೋದಾಗ ಬೇರೆಯವರಿಗೆ ಕೊಟ್ಟಿದ್ದರು, ಇನ್ನೊಂದು ಊರು ಹನ್ನೆರಡೇ ಕಿಲೋಮೀಟರ್ ಅಂತ ಹೊರಟೆ. ಮುಂದೆ ಕಬ್ಬಿನ ಟ್ರ್ಯಾಕ್ಟರ್. ಟ್ರೈಲರ್‌ಗೆ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ. ಕಬ್ಬಿನ ಸೋಗೆ ಕೆನ್ನೆಗೆ ತರಚಿದಾಗಲೇ ಗಾಡಿ ಇದೆ ಅಂತ ಗೊತ್ತಾಗಿದ್ದು. ಸಂಜೆ ನಾಲ್ಕಕ್ಕೆ ಎಲ್ಲಿದ್ದೀಯೋ ಅಲ್ಲೇ ಮಲಗುವ ಜಾಗ ನೋಡು. ನೀನು ಒಬ್ಬಳೇ ಹೋಗುತ್ತಿರುವುದರಿಂದ ದೊಡ್ಡ ಊರುಗಳಲ್ಲೇ ಉಳಿದುಕೋ, ಎರಡು ಕಡೆ ರೂಮ್ ಕೇಳಿಟ್ಟಿರು. ಸಂಕ್ರಾಂತಿ, ಪೊಂಗಲ್ ಹೊತ್ತಿಗೆ ಲಾಡ್ಜ್ ಸಿಗುವುದೇ ಕಷ್ಟ, ಅದನ್ನು ಈಗಲೇ ಬುಕ್ ಮಾಡು. ನಾಲೆ ಏರಿಯ ಮೇಲಿನ ರಸ್ತೆ ನೆರಳಾಗಿ ಚೆನ್ನಾಗಿರುತ್ತದೆ, ಆದರೆ ಎಷ್ಟೋ ಕಡೆ ತಡೆಗೋಡೆ ಇಲ್ಲ.

ಶಿವನಸಮುದ್ರದಲ್ಲಿ ಒಂದು ದಿನ ಇರು. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗಿದ್ದು ಇಲ್ಲಿಂದಲೇ. ಅದಾದ ಮೇಲೆ ನದಿಯನ್ನು ಬಿಡು. ಮುತ್ತತ್ತಿ, ಸಂಗಮ, ಮೇಕೆದಾಟು ಅಂತ ಮ್ಯಾಪಿನಲ್ಲಿ ಚಂದ ಕಾಣುತ್ತದೆ, ಆದರೆ ಅದು ಕಾವೇರಿ ವನ್ಯಜೀವಿ ಧಾಮ, ಹೊಗೇನಕಲ್‌ವರೆಗೆ ದಂಡೆಯಲ್ಲಿ ಸೈಕಲ್ ಹೋಗುವ ದಾರಿಯೇ ಇಲ್ಲ. ಕೊಳ್ಳೇಗಾಲಕ್ಕೆ ಬಂದು ಮಲೆ ಮಹದೇಶ್ವರ ಬೆಟ್ಟ, ಪಾಲಾರ್ ಮೇಲೆ ಮೆಟ್ಟೂರಿಗೆ ಹೋಗು. ಅದೂ ಕಾಡಿನ ಘಾಟ್ ರಸ್ತೆ. ಸೈಕಲ್ಲನ್ನು ಬಸ್ಸಿಗೆ ಹಾಕಿಸಿಕೊಂಡು ದಾಟು ಅನ್ನೋದು ನನ್ನ ಮಾತು. ಎರಡನೇ ಸಲ ನಾನು ಹಾಗೇ ಮಾಡಿದೆ, ನದಿ ಎಲ್ಲೂ ಹೋಗಿರಲಿಲ್ಲ, ಮೆಟ್ಟೂರಿನಲ್ಲಿ ಸಮುದ್ರದ ಹಾಗೆ ನಿಂತಿತ್ತು.

ಆ ಕಡೆ ಭವಾನಿ, ಈರೋಡ್, ತಿರುಚ್ಚಿ, ರಸ್ತೆ ಸಲೀಸು. ಮುಕ್ಕೊಂಬು ಹತ್ತಿರ ನದಿ ಎರಡಾಗುತ್ತದೆ. ಉತ್ತರಕ್ಕೆ ಹೋಗುವುದು ಕೊಳ್ಳಿಡಂ, ನೀನು ದಕ್ಷಿಣದ್ದನ್ನೇ ಹಿಡಿ. ಶ್ರೀರಂಗಪಟ್ಟಣದ ಆದಿರಂಗ, ಶಿವನಸಮುದ್ರದ ಮಧ್ಯರಂಗ ನೋಡಿದವಳು ಶ್ರೀರಂಗದ ಅಂತ್ಯರಂಗ ಬಿಟ್ಟು ಹೋಗಬೇಡ. ಕಲ್ಲಣೈ ಅಣೆಕಟ್ಟು ಆದ ಮೇಲೆ ಹೊಳೆ ಕವಲೊಡೆಯುತ್ತಾ ಸಣ್ಣದಾಗುತ್ತದೆ, ಪೂಂಪುಹಾರ್‌ನಲ್ಲಿ ಸಮುದ್ರ ಸೇರುವಾಗ ಒಂದು ಕಾಲುವೆಯಷ್ಟೇ. ನೋಡಿ ಬೇಜಾರು ಮಾಡಿಕೊಳ್ಳಬೇಡ. ದಾರಿಯುದ್ದಕ್ಕೂ ನೀನು ನೋಡಿದ ಭತ್ತ, ಕಬ್ಬು, ಬಾಳೆ ಎಲ್ಲಾ ಆ ನೀರನ್ನೇ ಕುಡಿದಿರುತ್ತವೆ.

ಎಷ್ಟೇ ಸೆಕೆಯಾದರೂ ಗೊತ್ತಿಲ್ಲದ ಕಡೆ ನೀರಿಗೆ ಇಳಿಯಬೇಡ. ಮೇಲೆ ಶಾಂತವಾಗಿ ಕಂಡರೂ ಒಳಗೆ ಬಂಡೆ, ಸುಳಿ ಇರುತ್ತವೆ, ಅಣೆಕಟ್ಟಿನಿಂದ ನೀರು ಬಿಟ್ಟರೆ ಓಡಿಬರಲೂ ಸಮಯ ಸಿಗಲ್ಲ. ತಂಬಿಗೆಯಲ್ಲಿ ತಲೆಗೆ ಸುರಿದುಕೋ.

ಎರಡು ಟ್ಯೂಬ್ ಜಾಸ್ತಿ ಇಟ್ಟುಕೋ. ನಿನ್ನ ಸೈಕಲ್ಲಿನದು ತೆಳ್ಳನೆಯ ಪ್ರೆಸ್ಟಾ ವಾಲ್ವ್, ಹಳ್ಳಿ ಅಂಗಡಿಯ ಪಂಪು ಅದಕ್ಕೆ ಕೂರಲ್ಲ, ಅಡಾಪ್ಟರ್ ಮರೆಯಬೇಡ. ಪಂಕ್ಚರ್ ಆದಾಗ ಹೊಸ ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಗೆ ಸುತ್ತ ಬೆರಳಾಡಿಸು, ಜಾಲಿ ಮುಳ್ಳಿನ ತುದಿ ಅಲ್ಲೇ ಮುರಿದು ಕೂತಿರುತ್ತದೆ.

ಹದಿನೈದು ದಿನ ರಜೆ ಹಾಕು, ಅದರಲ್ಲಿ ಮೂರು ದಿನ ಏನೂ ಬರೆಯದೆ ಖಾಲಿ ಬಿಡು. ಹೊಸ ಮ್ಯಾಪ್ ಕಳಿಸು, ಎಲ್ಲೆಲ್ಲಿ ಮಲಗುತ್ತೀಯ ಅಂತ ಬರೆದು. ಶ್ರೀರಂಗಪಟ್ಟಣಕ್ಕೆ ಬರುವ ದಿನ ಮೊದಲೇ ಹೇಳು, ಸಂಗಮದ ಮೆಟ್ಟಿಲ ಹತ್ತಿರ ಕಾಯುತ್ತಿರುತ್ತೇನೆ. ಅತ್ತೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಡುತ್ತಾಳಂತೆ. ನಿನ್ನ ಹಿಂದಿನ ಲೈಟು ಮಂಕಾಗಿದೆ ಅಂತ ನಿಮ್ಮಮ್ಮ ಹೇಳಿದಳು, ಹೊಸದು ನಾನೇ ತರುತ್ತೇನೆ, ಅಲ್ಲಿಯವರೆಗೆ ಇರುವುದಕ್ಕೆ ಬ್ಯಾಟರಿ ಹಾಕಿಸು.

ನಿನ್ನ ಮಾವ