ಜೊತೆ ಬಿಟ್ಟವರ ಚಿಂತಿ

ಚಿ. ಸೌ. ಶಾಂತಾಗ ಇಳಕಲ್ಲಿನಿಂದ ನಿನ್ನ ಚಿಗವ್ವನ ಆಶೀರ್ವಾದಗಳು.

ಮನಿ ಸುದ್ದಿ ನಿನಗ ಗೊತ್ತಿದ್ದದ್ದs. ಹತ್ತನೇತ್ತ ಪರೀಕ್ಷಾ ಕಟ್ಟಾಕ ನಿಮ್ಮ ಸಂಘದ ಹೆಣ್ಣುಮಕ್ಕಳು ಕೂಡಿ ಓದೋ ಗುಂಪಿನ ಬಗ್ಗೆ ನೀ ಬರದ ಕಾಗದ ಓದಿದೆ. ‘ಇಬ್ಬರು ಬಿಟ್ರು, ನಾನೂ ನಾಪಾಸಾದ್ರ ಓಣ್ಯಾಗ ಹೆಂಗ ತಲಿ ಎತ್ತಲಿ’ ಅಂತ ಬರದಿಯಲ್ಲ, ಅದು ಮನಸ್ಸಿನಾಗ ಕುಂತು ಏಳವಲ್ದು.

ಅವರು ಓದು ಬ್ಯಾಸರಾಗಿ ಬಿಟ್ಟಿಲ್ಲ, ತಂಗಿ. ಸಂಘದ ಸಾಲದ ಕಂತಿನ ಜಗಳ ಪುಸ್ತಕದ ಮಟ ಬಂತು. ಬಾಕಿ ಉಳಿಸಿಕೊಂಡಾಕಿ ಬಾಕಿ ಕೇಳಾಕಿ ಮಗ್ಗಲಕ್ಕ ಹೆಂಗ ಕುಂತಾಳು? ಓದೋ ಗುಂಪು ಬ್ಯಾರೆ ಇರಲಿ, ಮೂವರು ಸಾಕು, ಬ್ಯಾರೆ ದಿನ, ಬ್ಯಾರೆಯವರ ಮನಿ ಕಟ್ಟಿ ಮ್ಯಾಲ. ಎರಡು ವಾರ ತಪ್ಪಿದಾಕಿ ನಾಚಿಕಿಗೇ ತಿರುಗಿ ಬರೂದಿಲ್ಲ. ಆಕಿಗೆ ಅವತ್ತಿನ ಪಾಠದ್ದು ಐದು ನಿಮಿಷದ ವಾಯ್ಸ್ ಮೆಸೇಜ್ ಹೋಗಬೇಕು.

ನಾಪಾಸು ಅಂದಿ. ನೀವು ಕಟ್ಟೋ ಎನ್‌ಐಓಎಸ್ (ರಾಷ್ಟ್ರೀಯ ಮುಕ್ತ ಶಾಲಿ) ಹತ್ತನೇತ್ತದಾಗ ಆ ಮಾತಿಗೆ ಅಷ್ಟು ತೂಕ ಇಲ್ಲ. ಐದು ವಿಷಯ, ಮುಗಸಾಕ ಐದು ವರ್ಷ, ಬರಿಯಾಕ ಒಂಬತ್ತು ಅವಕಾಶ. ನೂರಕ್ಕ 33 ಬಂದ ವಿಷಯ ಮತ್ತ ಬರೀಬೇಕಿಲ್ಲ. ವರ್ಷಕ್ಕ ಎರಡು ಸಲ ಪರೀಕ್ಷಾ. ಮೊದಲನೇ ಸಲ ಕನ್ನಡ, ಸಮಾಜ ಎರಡs ಬರಿ. ಬಿಟ್ಟ ಆ ಇಬ್ಬರ ನೋಂದಣಿನೂ ಐದು ವರ್ಷ ಇರತೈತಿ, ಹೇಳು ಅವರಿಗೆ.

ಸಮಾಜ ವಿಜ್ಞಾನದ ಪಾಠ ಕಿವಿಲೆ ಆಗತೈತಿ. ಒಬ್ಬಾಕಿ ಜೋರಾಗಿ ಓದಲಿ, ಉಳದವರು ಮಗ್ಗದ ನೂಲಿನ ಕಂಡಿಕಿ ಸುತ್ತಲಿ. ಪುಟ ಮುಗದ ಮ್ಯಾಲ ಕೈ ನಿಲ್ಲಿಸಿ, ಕೇಳಿದಾಕಿ ಪುಸ್ತಕ ನೋಡದ ತನ್ನ ಮಾತಿನಾಗ ಹೇಳಬೇಕು. ಇದು ಬಿಟ್ರ ಕೇಳಿದ್ದೆಲ್ಲ ಗಾಳಿಗೆ. ಗಣಿತ ಹಿಂಗ ಆಗೂದಿಲ್ಲ, ಕೈಯಾಗ ಪೆನ್ನು ಬೇಕು. ಮಗ್ಗ ನಿಂತ ದಿನಕ್ಕ ಇಡು.

1989ರಾಗ ಮಹಿಳಾ ಸಮಖ್ಯಾ ಅನ್ನೋ ಹೆಣ್ಣುಮಕ್ಕಳ ಶಿಕ್ಷಣದ ಸರ್ಕಾರಿ ಕಾರ್ಯಕ್ರಮ ಬಿಜಾಪುರ ಜಿಲ್ಲೆಕ್ಕ ಬಂತು, ಬಾಗಲಕೋಟಿ ಆಗ ಅದರಾಗs ಇತ್ತು. ಅಲ್ಲಿ ಸಂಘ ಮೊದಲು, ಅಕ್ಷರ ಆಮ್ಯಾಲ. ನಮ್ಮ ಕಾಲದ ಎಷ್ಟೋ ಮಂದಿ ಸಹಿ ಮಾಡೂದಕ್ಕs ನಿಂತ್ವಿ, ಪರೀಕ್ಷಾ ಕಟ್ಟಾಕ ಜೊತೆ ಸಿಗಲಿಲ್ಲ. ಆ ಹಳಹಳಿ ಐತಿ, ಇರಲಿ.

ಓಣಿ ನಗತೈತಿ ಅಂತೀ. ನಗಲಿ. ಅವರೇ ನಾಳೆ ಮಗಳ ಸ್ಕಾಲರ್‌ಶಿಪ್ ಅರ್ಜಿ ತುಂಬಿಸಾಕ ನಿನ್ನ ಕಡೆ ಬರ್ತಾರ, ತುಂಬಿಕೊಡು. ನಿಮ್ಮ ಅತ್ತಿಯವರಿಗೆ ‘ಸಹಾಯ ಮಾಡ್ರಿ’ ಅಂತ ಬರೇ ಅಂದ್ರ ಏನೂ ಆಗೂದಿಲ್ಲ. ‘ಮಂಗಳವಾರ ಏಳರಿಂದ ಎಂಟರ ಮಟ ರೊಟ್ಟಿ ನೀವs ಬಡೀರಿ’ ಅನ್ನು. ನಾ ದೂರ ಕುಂತು ಹೇಳೂದು ಹಗುರ, ಖರೆ, ಆದ್ರೂ ಕೇಳಿ ನೋಡು.

ಇನ್ನೊಂದು. ಆಧಾರದಾಗ ಗಂಡನ ಮನಿ ಹೆಸರು, ಶಾಲಿ ದಾಖಲೆದಾಗ ತವರಮನಿ ಹೆಸರು ಇದ್ರ ಈಗs ಸರಿ ಮಾಡಿಸು. ಅಂಕಪಟ್ಟಿ ಬಂದ ಮ್ಯಾಲ ತಿದ್ದಸೂದು ಭಾಳ ತ್ರಾಸು.

ನಿನ್ನ ಚಿಗವ್ವ